ಹಣ್ಣಿನ ಮರದ ಋಣ

“ಹುಣಸೆ ಮುಪ್ಪಾದರೂ ಹುಳಿ ಮುಪ್ಪಲ್ಲ” ಎಂಬ ಗಾದೆಯನ್ನು ನಾವೆಲ್ಲರೂ ಆಡುತ್ತೇವೆ. ವಯಸ್ಸಾದವರ ಚುರುಕನ್ನು ಮೆಚ್ಚಿಯೋ, ಅವರ ಹಟವನ್ನು ಗೇಲಿ ಮಾಡಿಯೋ ಆಡುತ್ತೇವೆ. ಆಗ ನಮ್ಮ ಕಣ್ಣೆದುರಿಗೆ ಬರುವುದು ಮುದುಕರೇ ಹೊರತು ಹುಣಸೆಯ ಮರವಲ್ಲ. ಗಾದೆ ಕಟ್ಟಿದವರು ಮಾತ್ರ ಮರವನ್ನು ನೋಡಿಯೇ ಕಟ್ಟಿರಬೇಕು. ಬೊಡ್ಡೆ ಟೊಳ್ಳಾಗಿ, ಕೊಂಬೆಗಳು ಒಣಗಿ, ಇನ್ನೇನು ಮುಗಿಯಿತು ಎನ್ನುವಂತಿರುವ ಮರ ಮಾಘ ಫಾಲ್ಗುಣಗಳಲ್ಲಿ ಮತ್ತೆ ಹಣ್ಣು ಉದುರಿಸುವುದನ್ನು ಕಂಡವರ ಮಾತು ಅದು. ಗಾದೆ ನಮ್ಮ ಬಾಯಲ್ಲಿ ಉಳಿಯಿತು. ಮರ ಕಣ್ಣಿಂದ ಮರೆಯಾಯಿತು.

ನಮ್ಮ ಹೈದರಾಬಾದಿನಲ್ಲಿ ಅಂಥದೊಂದು ಹುಣಸೆಯ ಮರವಿದೆ. ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆಯ ಆವರಣಕ್ಕೆ ಹೋದವರು ಅದನ್ನು ನೋಡಿರಬಹುದು; ರೋಗಿಯ ಚಿಂತೆಯಲ್ಲಿ ನೋಡದೆ ಬಂದಿರಲೂಬಹುದು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರಿನ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋದಾಗ, ಆ ಮರ ಹತ್ತಿ ಕುಳಿತ ನೂರೈವತ್ತು ಜನ ಬದುಕಿಕೊಂಡರೆಂದು ಹೇಳುತ್ತಾರೆ. ಆಸ್ಪತ್ರೆಯ ಈಗಿನ ಕಟ್ಟಡ ಆಗಿನ್ನೂ ಎದ್ದಿರಲಿಲ್ಲ; ಅದು ಅಫ್ಜಲ್ ಪಾರ್ಕ್ ಎಂಬ ಉದ್ಯಾನ. ಮರುವರ್ಷ ನಿಜಾಮರ ಸರ್ಕಾರದ ಕರೆಯ ಮೇರೆಗೆ ನಮ್ಮ ವಿಶ್ವೇಶ್ವರಯ್ಯನವರು ಇಲ್ಲಿಗೆ ಬಂದು, ಅಂಥ ಪ್ರವಾಹ ಮತ್ತೆ ಬಾರದಂತೆ ಯೋಜನೆ ಹಾಕಿಕೊಟ್ಟರು. ಅದರ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಆದವು. ವಿಶ್ವೇಶ್ವರಯ್ಯನವರನ್ನು ಕನ್ನಡಿಗರಾದ ನಾವು ಪ್ರತಿ ಸೆಪ್ಟೆಂಬರಿನಲ್ಲಿ ಹಾರ ಹಾಕಿ ನೆನೆಯುತ್ತೇವೆ. ಅದೇ ತಿಂಗಳ ಕೊನೆಯಲ್ಲಿ ಈ ಊರಿನ ಕೆಲವರು ಆ ಹುಣಸೆಯ ಕೆಳಗೆ ಸೇರಿ ಅದಕ್ಕೂ ಒಂದು ನಮಸ್ಕಾರ ಹೇಳುತ್ತಾರೆ.

ನೂರೈವತ್ತು ಜೀವ ಉಳಿಸಿದ ಮರದ ಋಣ ನಮ್ಮ ಮೇಲಿದೆಯೆಂದು ಒಪ್ಪುವುದು ಸುಲಭ. ಯಾರ ಜೀವವನ್ನೂ ಉಳಿಸದೆ, ಸುಮ್ಮನೆ ಅರವತ್ತು ಎಪ್ಪತ್ತು ವರ್ಷ ಹಣ್ಣು ಕೊಟ್ಟ ಮರದ ಋಣ ಎಂಥದು? ಅದನ್ನು ತೀರಿಸುವುದು ಹೇಗೆ? ಈ ಪ್ರಶ್ನೆ ನಮ್ಮ ಮನೆಯ ಹಿತ್ತಿಲಿನಲ್ಲಿಯೇ ಎದ್ದಿತು. ಅದಕ್ಕೆ ನಾವು ಕೊಟ್ಟ ಉತ್ತರ ಸರಿಯೋ ತಪ್ಪೋ ಎಂಬುದು ಇಷ್ಟು ವರ್ಷಗಳಾದರೂ ನಮ್ಮ ಮನಸ್ಸಿನಲ್ಲಿ ಇತ್ಯರ್ಥವಾಗಿಲ್ಲ. ಆದ್ದರಿಂದ ಓದುಗರ ಮುಂದೆ ಇಡುತ್ತಿದ್ದೇವೆ.

ನಮ್ಮ ತಂದೆಯವರು ರಾಯಚೂರು ಜಿಲ್ಲೆಯವರು. ರಾಯಚೂರು, ಕಲಬುರಗಿ, ಬೀದರುಗಳು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ ಗುಮಾಸ್ತೆಯ ಕೆಲಸ ಹಿಡಿದು ಇಲ್ಲಿಗೆ ಬಂದರು. 1956ರ ನವೆಂಬರಿನಲ್ಲಿ ಆ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದಾಗ ತಾವು ಇಲ್ಲಿಯೇ ಉಳಿದರು. ಕೆಲವು ವರ್ಷಗಳ ಮೇಲೆ ಬರ್ಕತ್‌ಪುರದ ಕಡೆ ಒಂದು ಹಳೆಯ ಮನೆ ಕೊಂಡರು. ಮನೆಗಿಂತ ಹಳೆಯದಾದ ಒಂದು ಮಾವಿನ ಮರ ಹಿತ್ತಿಲಿನಲ್ಲಿತ್ತು. ಮಾರಿದವರು “ಇದು ಹಿಮಾಯತ್ ಮಾವು, ಸ್ವಾಮಿ” ಎಂದು ಹೇಳಿ ನೂರು ರೂಪಾಯಿ ಹೆಚ್ಚಿಗೆ ತೆಗೆದುಕೊಂಡರಂತೆ. ಅದು ಹಿಮಾಯತ್ ಅಲ್ಲವೆಂಬುದು ಮೊದಲ ಬೇಸಗೆಯಲ್ಲಿಯೇ ತಿಳಿಯಿತು. ಹಿಮಾಯತ್ ದಪ್ಪ ಹಣ್ಣು. ಸಿಪ್ಪೆ ತೆಳು, ಮಾಗಿದರೂ ಹಸಿರು ಪೂರ್ತಿ ಬಿಡದು. ನಮ್ಮದು ಅಂಗೈಯಲ್ಲಿ ಅಡಗುವಷ್ಟು. ಹೆಗಲ ಮೇಲೆ ಕೆಂಪು, ತುದಿಗೆ ಒಂದು ಸಣ್ಣ ಮೂಗು. ಕಚ್ಚಿದರೆ ಮೊದಲು ಹುಳಿ, ಆಮೇಲೆ ಸಿಹಿ. ಯಾರೋ ತಿಂದು ಎಸೆದ ಗೊರಟೆಯಿಂದ ತಾನಾಗಿ ಎದ್ದ ಮರವಿದ್ದೀತು. ತಂದೆಯವರು ನೂರು ರೂಪಾಯಿ ಹೋಯಿತೆಂದು ಒಂದು ದಿನ ಬೇಸರಪಟ್ಟು, ಆ ಮೇಲೆ ಮೂವತ್ತೈದು ವರ್ಷ ಅದರ ಹಣ್ಣನ್ನೇ ತಿಂದರು. ಅವ್ವ ಅದರ ಕಾಯಿಯಲ್ಲಿ ಉಪ್ಪಿನಕಾಯಿ ಹಾಕುತ್ತಿದ್ದಳು, ಹಣ್ಣಿನಲ್ಲಿ ಸೀಕರಣಿ ಮಾಡುತ್ತಿದ್ದಳು.

ಹಿರಿಯರಿಬ್ಬರೂ ಹೋದ ಮೇಲೆ, 2013ರಲ್ಲಿ, ನಾವು ಅಣ್ಣತಮ್ಮಂದಿರು ಮೂವರೂ ಸೇರಿ ಮನೆಯನ್ನು ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಕೊಡಲು ಒಪ್ಪಿದೆವು. ಅಕ್ಕ ತನ್ನ ಪಾಲು ಬೇಡವೆಂದು ಸಹಿ ಹಾಕಿಕೊಟ್ಟಳು. “ಮರ ತೆಗೆಯೋದಾದರೆ ನನಗೊಂದು ಕಸಿ ಮಾಡಿಸಿಕೊಡ್ರಪ್ಪಾ” ಎಂದಷ್ಟೇ ಕೇಳಿದಳು. ಮರ ನಿಂತಿದ್ದುದು ಸರಿಯಾಗಿ ಸೆಲ್ಲಾರ್ ಬರಬೇಕಾದ ಜಾಗದಲ್ಲಿ. ಉಳಿಸಲು ಸಾಧ್ಯವೇ ಎಂದು ನಾವು ಬಿಲ್ಡರನ್ನು ಕೇಳಿದೆವು. ಅವನು ಮರ್ಯಾದಸ್ಥ. “ಉಳಿಸಬಹುದು ಸಾರ್. ಒಂದು ಫ್ಲಾಟ್ ಕಡಿಮೆಯಾಗುತ್ತದೆ. ನಿಮ್ಮ ಮೂವರಲ್ಲಿ ಯಾರದು ಕಡಿಮೆ ಮಾಡಲಿ, ಹೇಳಿ” ಎಂದ. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರೂ ಮಾತನಾಡಲಿಲ್ಲ. ಅಷ್ಟಕ್ಕೆ ಮರದ ಭವಿಷ್ಯ ತೀರ್ಮಾನವಾಯಿತು.

ಕಡಿಯುವ ಕೆಲಸ ಎರಡು ದಿನ ನಡೆಯಿತು. ಎರಡನೆಯ ದಿನ, ನಾವು ಚಿಕ್ಕಂದಿನಿಂದ ಖಾಲಾ ಎಂದು ಕರೆಯುತ್ತಿದ್ದ ಪಕ್ಕದ ಮನೆಯ ವೃದ್ಧೆ ಕೋಲೂರಿಕೊಂಡು ಗೇಟಿನ ಬಳಿ ಬಂದರು. ಬಿದ್ದ ಮರವನ್ನು ನೋಡಿದರು. “ಬೇಟಾ, ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ” ಎಂದು ಉರ್ದುವಿನಲ್ಲಿ ಹೇಳಿ ಹಿಂತಿರುಗಿದರು. ನಿಜ ಹೇಳಬೇಕೆಂದರೆ, ಆಗ ನಮಗೆ ಸಿಟ್ಟೇ ಬಂತು. ನಮ್ಮ ಹಿತ್ತಿಲು, ನಮ್ಮ ಮರ, ಬೇಕಾದ ಅನುಮತಿಯ ಕಾಗದ ನಮ್ಮ ಕೈಯಲ್ಲಿದೆ. ಇವರನ್ನೇಕೆ ಕೇಳಬೇಕು?

ಈ ಊರಿನಲ್ಲಿ ಹೀಗೆ ಹೋದದ್ದು ನಮ್ಮ ಮರವೊಂದೇ ಅಲ್ಲ. ಹೈದರಾಬಾದಿನ ಬಡಾವಣೆಗಳ ಹೆಸರುಗಳನ್ನು ಒಮ್ಮೆ ಹೇಳಿಕೊಂಡು ನೋಡಿ. ಬಷೀರ್‌ಬಾಗ್, ಜಾಮ್‌ಬಾಗ್, ಬಾಗ್‌ಲಿಂಗಂಪಲ್ಲಿ. ಬಾಗ್ ಎಂದರೆಲ್ಲ ಹಣ್ಣಿನ ತೋಟವೇ ಎಂದೇನಲ್ಲ. ಬಷೀರ್‌ಬಾಗು ಅಮೀರರೊಬ್ಬರ ಅರಮನೆಯ ಉದ್ಯಾನವಾಗಿತ್ತು. ಜಾಮ್‌ಬಾಗು ಪೇರಲದ ತೋಟವಿದ್ದ ಸ್ಥಳವೆಂದು ಹೇಳುತ್ತಾರೆ. ಸಿಕಂದರಾಬಾದಿನ ಸೀತಾಫಲ್‌ಮಂಡಿಯ ಹೆಸರೇ ತನ್ನ ಕಥೆಯನ್ನು ಹೇಳುತ್ತದೆ. ಚಿಂತಲ್ ಎಂದು ಬರುವ ಹೆಸರುಗಳಲ್ಲಿ ತೆಲುಗಿನ ಹುಣಸೆಯಿದೆ. ಪಬ್ಲಿಕ್ ಗಾರ್ಡನ್ನಿಗೆ ಬಾಗ್-ಎ-ಆಮ್ ಎಂದು ಹೆಸರು. ಇಲ್ಲಿ ಆಮ್ ಎಂದರೆ ಸಾರ್ವಜನಿಕ. ಬಾಲ್ಯದಲ್ಲಿ ಅದನ್ನು ಮಾವಿನ ತೋಟವೆಂದು ತಿಳಿದು, ತಲೆಯೆತ್ತಿ ಹಣ್ಣು ಹುಡುಕಿ ನಿರಾಶರಾದ ನೆನಪು ನಮಗಿದೆ.

ದ್ರಾಕ್ಷಿಯ ಕಥೆಯೂ ಇದೇ. ಅಬ್ದುಲ್ ಬಾಕರ್ ಖಾನ್ ಎಂಬವರು ಹೈದರಾಬಾದಿಗೆ ತಂದು ಬೆಳೆಸಿದ ಅನಾಬ್-ಎ-ಶಾಹಿ ಎಂಬ ಬಿಳಿದ್ರಾಕ್ಷಿ ಒಂದು ಕಾಲಕ್ಕೆ ಈ ಊರಿನ ಸುತ್ತಮುತ್ತಲಿನ ತೋಟಗಳಲ್ಲೆಲ್ಲ ಚಪ್ಪರವೇರಿತ್ತು. ಊರು ಬೆಳೆದಂತೆ ಆ ತೋಟಗಳು ನಿವೇಶನಗಳಾದವು. ಆದರೆ ಬಳ್ಳಿ ಸಾಯಲಿಲ್ಲ. ಬೆಂಗಳೂರಿನ ಸುತ್ತಣ ರೈತರು ದಿಲ್‌ಖುಷ್ ಎಂಬ ಹೆಸರಿನಲ್ಲಿ ಬೆಳೆಯುವ ದ್ರಾಕ್ಷಿ ಈ ಅನಾಬ್-ಎ-ಶಾಹಿಯಿಂದಲೇ ಆರಿಸಿ ತೆಗೆದದ್ದು. ಇಲ್ಲಿಯ ತೋಟದ ಬಳ್ಳಿ ಅಲ್ಲಿ ಚಿಗುರಿದೆ.

ಹಾಗಾದರೆ ಚಿಂತೆ ಏಕೆ? ತಳಿ ಉಳಿದರೆ ಸಾಲದೆ? ಮರ ಇಂದಲ್ಲ ನಾಳೆ ಸಾಯುವುದೇ ತಾನೆ? ಬುದ್ಧಿವಂತರಾದ ಮಿತ್ರರೊಬ್ಬರು ನಮ್ಮನ್ನು ಸಮಾಧಾನಪಡಿಸಿದ್ದು ಹೀಗೆಯೇ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಉರ್ದುವಿನಲ್ಲಿ ಕಸಿಗೆ ಕಲಮ್ ಎಂದೇ ಹೆಸರು. ಲೇಖನಿಗೂ ಕಲಮ್, ಕಸಿಗೆ ಕತ್ತರಿಸಿದ ಕಡ್ಡಿಗೂ ಕಲಮ್. ಕಸಿಮಾವಿಗೆ ಕಲಮಿ ಎಂದೂ, ಗೊರಟೆಯಿಂದ ಎದ್ದ ಮಾವಿಗೆ ತುಖ್ಮಿ ಎಂದೂ ಹಣ್ಣಿನ ವ್ಯಾಪಾರಿಗಳು ಹೇಳುತ್ತಿದ್ದುದನ್ನು ನಾವು ಕೇಳಿದ್ದೇವೆ. ಇವೆರಡರ ನಡುವಿನ ಅಂತರ ದೊಡ್ಡದು. ನಮ್ಮ ದೇಶದ ಬಹುಪಾಲು ಮಾವಿನ ತಳಿಗಳು ಗೊರಟೆಯಿಂದ ಬೆಳೆಸಿದರೆ ತಾಯಿಯನ್ನು ಹೋಲುವುದಿಲ್ಲ. ಪ್ರತಿಯೊಂದು ಗೊರಟೆಯಿಂದಲೂ ಬೇರೆಯೇ ಒಂದು ಮಾವು ಹುಟ್ಟುತ್ತದೆ. ಕರಾವಳಿಯ ಕೆಲವು ತಳಿಗಳು ಮಾತ್ರ ಇದಕ್ಕೆ ಹೊರತು. ಬಂಗನಪಲ್ಲಿಯನ್ನೋ ಹಿಮಾಯತನ್ನೋ ಕಡಿದರೆ ಲೋಕಕ್ಕೆ ಒಂದು ಮರ ಕಡಿಮೆಯಾಗುತ್ತದೆ. ಅದರ ಸಾವಿರಾರು ಒಡಹುಟ್ಟುಗಳು ಬೇರೆಡೆ ಇವೆ. ಗೊರಟೆಯಿಂದ ಎದ್ದ ಹಿತ್ತಿಲ ಮಾವನ್ನು ಕಡಿದರೆ ಒಂದು ತಳಿಯೇ ಅಳಿದಂತೆ. ಅದರ ಜಾತಿಗೆ ಅದೊಂದೇ ಮರ.

ಆದ್ದರಿಂದ ಕಸಿ ಕಟ್ಟುವವನು ಮಾಡುವುದು ಪುಣ್ಯದ ಕೆಲಸ. ಇಲ್ಲಿಂದ ಬೀದರಿನ ದಾರಿಗೆ ಸುಮಾರು ಅರವತ್ತು ಕಿಲೋಮೀಟರಿನ ಮೇಲಿರುವ ಸಂಗಾರೆಡ್ಡಿಯ ಹಣ್ಣಿನ ಸಂಶೋಧನಾ ಕೇಂದ್ರದಲ್ಲಿ ನಾನೂರಕ್ಕೂ ಹೆಚ್ಚು ಮಾವಿನ ತಳಿಗಳನ್ನು ಕಾಪಾಡಿದ್ದಾರೆ. ನವಾಬರ ತೋಟಗಳಲ್ಲಿ ಅಳಿದುಹೋದ ಎಷ್ಟೋ ರುಚಿಗಳು ಅಲ್ಲಿ ಸಾಲು ಮರಗಳಾಗಿ ನಿಂತಿವೆ. ರುಮಾನಿ, ನೀಲಂ ಎರಡನ್ನೂ ಕೂಡಿಸಿ ಮಂಜೀರಾ ಎಂಬ ಹೊಸ ತಳಿಯನ್ನು ಪಡೆದದ್ದೂ ಅಲ್ಲಿಯೇ. ಹಳೆಯದನ್ನು ಕಾಪಾಡಿದ್ದರಿಂದಲೇ ಹೊಸದು ಹುಟ್ಟಿತು.

ಕಸಿಯಿಂದ ಬಂದದ್ದು ಅದೇ ಮರವೋ, ಬೇರೆಯದೋ? ತತ್ತ್ವಜ್ಞಾನಿಗಳಿಗೆ ಬಿಡಬೇಕಾದ ಪ್ರಶ್ನೆಯೆಂದು ತೋರಬಹುದು. ಆದರೆ ಜನಸಾಮಾನ್ಯರು ಇದಕ್ಕೆ ಎಂದೋ ಉತ್ತರ ಕೊಟ್ಟಿದ್ದಾರೆ. ಬುದ್ಧನು ಯಾವ ಅರಳಿಯ ಕೆಳಗೆ ಕುಳಿತನೋ ಆ ಮರ ಗಯೆಯಲ್ಲಿ ಇಂದಿಲ್ಲ. ಅದರ ಸ್ಥಾನದಲ್ಲಿದ್ದ ಮುದಿ ಮರವೂ 1876ರಲ್ಲಿ ಉರುಳಿ, ಈಗಿರುವುದು ಆ ಮೇಲೆ ನೆಟ್ಟದ್ದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಸಂಘಮಿತ್ರೆ ಅದರ ಕೊಂಬೆಯೊಂದನ್ನು ಸಿಂಹಳಕ್ಕೆ ಒಯ್ದಳೆಂಬ ನಂಬಿಕೆಯಂತೆ ಅನುರಾಧಪುರದಲ್ಲಿ ಆ ಮರಕ್ಕೆ ಇಂದಿಗೂ ಪೂಜೆ ನಡೆಯುತ್ತದೆ. ಇಂಗ್ಲೆಂಡಿನಲ್ಲಿ ನ್ಯೂಟನ್ನನ ಸೇಬಿನ ಮರದ ಕಥೆಯೂ ಇಂಥದೇ. ಅದರ ಕಸಿಯ ಮರವೊಂದು ಕೇಂಬ್ರಿಜ್‌ನ ಸಸ್ಯೋದ್ಯಾನದಲ್ಲಿ 1954ರಿಂದ ಇದ್ದು, 2022ರ ಫೆಬ್ರವರಿಯ ಬಿರುಗಾಳಿಗೆ ಬಿತ್ತು. ಅಲ್ಲಿಯವರು ಅದರಿಂದ ಮೊದಲೇ ಕಸಿ ಮಾಡಿಟ್ಟಿದ್ದರಿಂದ ಧೈರ್ಯವಾಗಿದ್ದರು. ಭಕ್ತಿ ಇದ್ದಲ್ಲಿ ಮರವೂ ಅದರ ಕೊಂಬೆಯೂ ಒಂದೇ ಎಂದಾಯಿತು.

ನಮ್ಮ ಮರದ ಕಸಿಯನ್ನೂ ಮಾಡಿಸಿದೆವು. ಕಡಿಯುವ ದಿನ ನಿಶ್ಚಯವಾದದ್ದು ಮೇ ತಿಂಗಳಿನ ಬಿರುಬಿಸಿಲಿನಲ್ಲಿ. ನರ್ಸರಿಯ ಮುದುಕ ಬಂದು ಮರ ನೋಡಿ, “ಮಳೆ ಬಿದ್ದ ಮೇಲೆ ಕರೆಯಬೇಕಿತ್ತು. ಕಡ್ಡಿ ಕೊಯ್ಯುವ ವಾರ ಹತ್ತು ದಿನ ಮುಂಚೆ ಅದರ ಎಲೆ ತೆಗೆದು ಕಣ್ಣು ಉಬ್ಬುವಂತೆ ಮಾಡಬೇಕು. ಈಗ ಅವಸರದಲ್ಲಿ ಏನು ಹಿಡಿಯುತ್ತದೆ?” ಎಂದ. ನಮಗಿದ್ದುದು ನಾಲ್ಕು ದಿನ. ಹನ್ನೆರಡು ಕಸಿ ಕಟ್ಟಿದ; ಎರಡು ಹಿಡಿದವು. ಒಂದು ಮರುಬೇಸಗೆಯಲ್ಲಿ ಒಣಗಿತು. ಉಳಿದೊಂದನ್ನು ಅಕ್ಕ ಮಾನ್ವಿಯ ಹತ್ತಿರದ ತನ್ನ ಹೊಲದಲ್ಲಿ ನೆಟ್ಟಳು. ಅದೀಗ ಆಳೆತ್ತರ ದಾಟಿ ಹಣ್ಣು ಬಿಡುತ್ತಿದೆ. ಅಕ್ಕ ಪ್ರತಿ ವರ್ಷ ಒಂದು ಬುಟ್ಟಿ ಕಳಿಸುತ್ತಾಳೆ. ಅದೇ ಮೂಗು, ಅದೇ ಹೆಗಲ ಕೆಂಪು. “ಅದೇ ಹಣ್ಣು ನೋಡ್ರಿ” ಎಂದು ಅಕ್ಕ ಹೇಳುತ್ತಾಳೆ. ತಮ್ಮನಿಗೆ ಹುಳಿ ಸ್ವಲ್ಪ ಕಡಿಮೆ ಎನಿಸುತ್ತದೆ. ಮಣ್ಣಿನ ಗುಣವಿರಬಹುದು, ನಾಲಿಗೆಯ ಮುಪ್ಪಿರಬಹುದು.

ಹಣ್ಣಿನ ಮಟ್ಟಿಗೆ ಋಣ ತೀರಿತು ಎಂದು ನಾವು ನಂಬಿದೆವು. ಆದರೂ ಖಾಲಾರ ಮಾತು ಬಿಡಲಿಲ್ಲ. ಮಾನ್ವಿಯ ಹೊಲದ ಮರ ಅವರಿಗೆ ಏನಾಗಬೇಕು?

ಇಲ್ಲಿ ಎದುರುವಾದವನ್ನೂ ಕೇಳಬೇಕು. ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳುತ್ತಾರೆಯೇ ಎಂಬ ಗಾದೆಯೂ ನಮ್ಮದೇ. ಊರು ಬೆಳೆಯುತ್ತದೆ, ಜನಕ್ಕೆ ಮನೆ ಬೇಕು. ಪಿಂಚಣಿಯ ಮೇಲೆ ಬದುಕುವವರಿಗೆ ಒಂದು ಫ್ಲಾಟಿನ ಬೆಲೆ ಸಣ್ಣದಲ್ಲ. ನೆರಳು ಬೀದಿಗೆ, ಹಕ್ಕಿ ಎಲ್ಲರಿಗೆ, ನಷ್ಟ ಮಾತ್ರ ಒಡೆಯನಿಗೆ ಎಂದರೆ ಅದು ಯಾವ ನ್ಯಾಯ? ಹಳ್ಳಿಯ ರೈತನ ಸ್ಥಿತಿ ಇನ್ನೂ ಕಷ್ಟ. ಮುದಿ ಮಾವು ಒಂದು ವರ್ಷ ಬಿಟ್ಟರೆ ಮರುವರ್ಷ ಬಿಡದು. ಕೀಳಲು ಆಳು ಸಿಗದು. ಪೇಟೆಯಲ್ಲಿ ಹೆಸರಿಲ್ಲದ ಹಣ್ಣಿಗೆ ಬೆಲೆಯಿಲ್ಲ. ಅದನ್ನು ಕಡಿದು ತೋತಾಪುರಿಯನ್ನೋ ಬಂಗನಪಲ್ಲಿಯನ್ನೋ ಹಾಕಿದರೆ ಮಕ್ಕಳ ಓದಿಗಾದೀತು. ಪಟ್ಟಣದ ಬಾಲ್ಕನಿಯಲ್ಲಿ ಕುಳಿತು ಅವನಿಗೆ ಪರಂಪರೆಯ ಉಪದೇಶ ಮಾಡುವುದು, ಅದರಲ್ಲಿಯೂ ನಮ್ಮಂಥವರು ಮಾಡುವುದು, ನಾಚಿಕೆಯ ವಿಷಯ.

ಆದ್ದರಿಂದ ಮರವನ್ನು ಉಳಿಸುವ ಭಾರ ಅದರ ಸವಿಯುಂಡ ಎಲ್ಲರ ಮೇಲೂ ಹರಡಬೇಕು. ಹೀಗೆ ಆದ ಉದಾಹರಣೆಗಳು ನಮ್ಮ ನಾಡಿನಲ್ಲಿಯೇ ಇವೆ. ದೇವನಹಳ್ಳಿಯ ಹತ್ತಿರ ನಲ್ಲೂರಿನಲ್ಲಿ 54 ಎಕರೆಯ ಹಳೆಯ ಹುಣಸೆಯ ತೋಪಿದೆ. 2007ರಲ್ಲಿ ಅದನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಿಸಿದರು. ದೇಶದಲ್ಲಿಯೇ ಅಂಥ ಮೊದಲ ತಾಣ ಅದು. ಅಲ್ಲಿ ಭಾರವನ್ನು ಸರ್ಕಾರ ಹೊತ್ತಿತು. ತುಮಕೂರು ಜಿಲ್ಲೆಯ ಚೇಳೂರಿನ ರೈತರೊಬ್ಬರ ತೋಟದಲ್ಲಿ, ಅವರ ತಂದೆ ನೆಟ್ಟ ಕೆಂಪು ತೊಳೆಯ ಹಲಸೊಂದಿತ್ತು. ಹಿರೇಹಳ್ಳಿಯ ಕೇಂದ್ರದ ವಿಜ್ಞಾನಿಗಳು ಅದನ್ನು ಗುರುತಿಸಿ, ಆ ತಂದೆಯ ಹೆಸರಿನಿಂದಲೇ ಸಿದ್ದು ಹಲಸು ಎಂದು ಕರೆದು ಕಸಿಗಿಡ ಮಾಡಿದರು. ಗಿಡ ಮಾರಿದ ಹಣದಲ್ಲಿ ದೊಡ್ಡ ಪಾಲು ರೈತನಿಗೇ ಸಲ್ಲುವಂತೆ ಒಪ್ಪಂದವಾಯಿತು. ಅಲ್ಲಿ ಮುದಿಮರವೇ ತನ್ನ ಖರ್ಚನ್ನು ದುಡಿದುಕೊಂಡಿತು. ರೈತರು ಕಾಪಾಡಿಕೊಂಡು ಬಂದ ತಳಿಯನ್ನು ಅವರ ಹೆಸರಿನಲ್ಲಿ ನೋಂದಾಯಿಸಲು 2001ರ ಕಾಯ್ದೆಯಲ್ಲಿ ಅವಕಾಶವೂ ಇದೆ.

ಸವಣೂರಿನ ಕಲ್ಮಠದಲ್ಲಿ, ನಮ್ಮ ಜನ ದೊಡ್ಡ ಹುಣಸೆ ಎಂದು ಕರೆಯುವ ಮೂರು ಬೃಹದ್ ವೃಕ್ಷಗಳಿವೆ. ಅವು ಹುಣಸೆಯಲ್ಲ, ಆಫ್ರಿಕದಿಂದ ಬಂದ ಬಾವೊಬಾಬ್. ನಮ್ಮ ಗೋಲ್ಕೊಂಡದ ನಯಾ ಕಿಲಾದಲ್ಲಿರುವ ಆನೆಮರದ ಬಳಗದವು. 2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಬುಡಸಮೇತ ಉರುಳಿದಾಗ ಊರವರೂ ಅಧಿಕಾರಿಗಳೂ ಸೇರಿ ಅದನ್ನು ಎತ್ತಿ ನಿಲ್ಲಿಸಿದರು. ಅಲ್ಲಿ ಭಾರವನ್ನು ಊರೇ ಹೊತ್ತಿತು. ಮಲೆನಾಡಿನ ಅಪ್ಪೆಮಿಡಿಯ ಮಾವುಗಳಿಗೆ ಈ ಭಾಗ್ಯವಿಲ್ಲ. ಅನಂತಭಟ್ಟನ ಅಪ್ಪೆ ಎಂದು ಮನುಷ್ಯರ ಹೆಸರು ಹೊತ್ತ ಮಿಡಿಯೂ ಇದೆ, ಜೀರಿಗೆಯ ಪರಿಮಳ ಬೀರುವ ಮಿಡಿಯೂ ಇದೆ. ಆದರೆ ಹೊಳೆಯ ದಂಡೆಯಲ್ಲಿ, ಕಾಡಿನಂಚಿನಲ್ಲಿ ಯಾರಿಗೂ ಸೇರದೆ ನಿಂತ ಮರಗಳ ಕೊಂಬೆಗಳನ್ನೇ ಕಡಿದು ಮಿಡಿ ಉದುರಿಸಿಕೊಳ್ಳುವವರಿದ್ದಾರೆ. ಒಡೆಯನಿದ್ದರೆ ಫ್ಲಾಟಿಗಾಗಿ ಕಡಿಯುತ್ತಾನೆ. ಒಡೆಯನಿಲ್ಲದಿದ್ದರೆ ಉಪ್ಪಿನಕಾಯಿಗಾಗಿ ಕಡಿಯುತ್ತಾರೆ. ನಲ್ಲೂರು, ಚೇಳೂರು, ಸವಣೂರುಗಳಲ್ಲಿ ಮರ ಉಳಿಯಲು ಒಂದು ಕಾರಣ ಸಮಾನವಾಗಿತ್ತು. ಕೊಡಲಿ ಬರುವ ಮೊದಲೇ ಆ ಮರ ಯಾವುದು, ಯಾರಿಗೆ ಏನಾಗಬೇಕು ಎಂಬುದು ನಾಲ್ಕು ಜನರಿಗೆ ತಿಳಿದಿತ್ತು.

ಇದನ್ನು ನಾವು ಕಲಿತದ್ದು ತಡವಾಗಿ, ಅದೂ ನಮ್ಮ ಮನೆಯ ಕಾಗದಗಳಿಂದಲೇ. 2016ರಲ್ಲಿ ಹೊಸ ಫ್ಲಾಟಿಗೆ ಸಾಮಾನು ಹೊಂದಿಸುವಾಗ ತಂದೆಯವರ ಜಮಾಖರ್ಚಿನ ವಹಿಗಳು ಸಿಕ್ಕವು. ಹಾಲು, ಬಾಡಿಗೆ, ಸ್ಕೂಲ್ ಫೀಜುಗಳ ನಡುವೆ ಪ್ರತಿ ಮೇ ತಿಂಗಳಿನಲ್ಲಿಯೂ ಒಂದು ಪುಟ ಮಾವಿನದು. ಇಳಿಸಿದ್ದು 140. ಪಕ್ಕದ ಬೇಗಂ ಸಾಹೇಬರಿಗೆ 12, ಗುಡಿಗೆ 5, ಹಾಲಿನವನಿಗೆ 6, ಪೋಸ್ಟ್‌ಮನ್ನನಿಗೆ 4, ಮೇಷ್ಟರ ಮನೆಗೆ 10. ಹೀಗೆ ಇಪ್ಪತ್ತಕ್ಕೂ ಹೆಚ್ಚು ಮನೆಗಳು, ಉಳಿದದ್ದು ಮನೆಗೆ. ನಾವು ನಗುತ್ತ ಪುಟ ತಿರುಗಿಸುತ್ತಿದ್ದೆವು. 1972ರ ಪುಟಕ್ಕೆ ಬಂದಾಗ ನಗೆ ನಿಂತಿತು. ಬರಗಾಲದ ವರ್ಷ. ಇಳಿಸಿದ್ದು 31 ಹಣ್ಣು ಮಾತ್ರ. ಹೆಚ್ಚಿನ ಹೆಸರುಗಳ ಮುಂದೆ ಸೊನ್ನೆ. ಬೇಗಂ ಸಾಹೇಬರ ಮುಂದೆ ಆ ವರ್ಷವೂ 12. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರು: “ಮರಕ್ಕೆ ಅವರ ಬಾವಿಯ ನೀರು, ಎಂಟು ವಾರ.”

ನಾವು ಆಗ ಕಾಲೇಜಿಗೆ ಹೋಗುತ್ತಿದ್ದೆವು. ನೀರು ಹೊತ್ತವರು ಯಾರೆಂಬುದು ನಮಗೆ ನೆನಪಿಲ್ಲ, ನಾವಂತೂ ಅಲ್ಲ. ತಮ್ಮ ಮನೆಯಲ್ಲಿಯೇ ನೀರಿಗೆ ಕಷ್ಟವಿದ್ದಾಗ ಖಾಲಾ ನಮ್ಮ ಮರವನ್ನು ಉಳಿಸಿದ್ದರು. ನಾಲ್ಕು ದಶಕಗಳ ಮೇಲೆ ಗೇಟಿನ ಬಳಿ ನಿಂತು, ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂದಾಗ ಅವರು ಬಾವಿಯ ಮಾತನ್ನು ಎತ್ತಲಿಲ್ಲ. ಅದು ಅವರ ದೊಡ್ಡಗುಣ. ಹೋಗಿ ತಪ್ಪಾಯಿತೆಂದು ಹೇಳೋಣವೆಂದರೆ, ವಹಿ ಸಿಗುವ ವೇಳೆಗೆ ಅವರು ಇರಲಿಲ್ಲ.

ಆ ಪುಟವನ್ನು 2013ಕ್ಕೆ ಮುಂಚೆ ಓದಿದ್ದರೆ ಮರವನ್ನು ಉಳಿಸುತ್ತಿದ್ದೆವೋ? ಖಂಡಿತವಾಗಿ ಹೇಳಲಾರೆವು. ಫ್ಲಾಟಿನ ಆಸೆ ಆಗಲೂ ಇರುತ್ತಿತ್ತು. ಆದರೆ ಆ ಮರ ನಮ್ಮೊಬ್ಬರದೇ ಎಂದು ತಿಳಿದು ಕಡಿಯುತ್ತಿರಲಿಲ್ಲ. ಖಾಲಾರ ಮನೆಗೆ ಹೋಗಿ ಕೇಳುತ್ತಿದ್ದೆವು. ಮಳೆಗಾಲದವರೆಗೆ ತಡೆದು, ಹನ್ನೆರಡರಲ್ಲಿ ಎಂಟು ಕಸಿ ಹಿಡಿಯುವಂತೆ ಮಾಡಿ, ಒಂದನ್ನು ಅವರ ಅಂಗಳದಲ್ಲಿ ನೆಡುತ್ತಿದ್ದೆವು. ಕಡಿಯಲೇಬೇಕಾದ ಮರಕ್ಕೂ ಸಲ್ಲಿಸಬೇಕಾದ ಮರ್ಯಾದೆ ಇಷ್ಟಿತ್ತು. ಅದನ್ನು ನಾವು ತಪ್ಪಿಸಿದೆವು.

ಆದ್ದರಿಂದ ನಮಗೆ ಈಗ ಹೀಗೆ ತೋರುತ್ತದೆ. ಎರಡು ಕಲಮುಗಳೂ ಬೇಕು. ಕಸಿಯ ಕಲಮು ಹಣ್ಣನ್ನು ಉಳಿಸುತ್ತದೆ. ಬರೆಯುವ ಕಲಮು ಋಣವನ್ನು ನೆನಪಿನಲ್ಲಿಡುತ್ತದೆ. ಹಣ್ಣು ಮಾನ್ವಿಗೆ ಹೋಗಿ ಉಳಿಯಬಲ್ಲದು. ಯಾರು ನೀರು ಹೊತ್ತರು, ಯಾರು ತಿಂದರು, ಯಾರ ಗೋಡೆಯ ಮೇಲೆ ನೆರಳು ಬೀಳುತ್ತಿತ್ತು ಎಂಬುದು ಕಸಿಕಡ್ಡಿಯಲ್ಲಿ ಹೋಗುವುದಿಲ್ಲ. ಅದನ್ನು ಬರೆಯಬೇಕು, ಮರ ನಿಂತಿರುವಾಗಲೇ ಬರೆಯಬೇಕು. ಬಿದ್ದ ಮೇಲೆ ಬರೆದರೆ ಅದು ಸೀತಾಫಲ್‌ಮಂಡಿಯಂತೆ ಬರಿಯ ಹೆಸರಾಗುತ್ತದೆ. ಪಟ್ಟಿಯಲ್ಲಿ ಬರೆದಾಯಿತಲ್ಲ, ಇನ್ನು ಹೋದರೂ ಚಿಂತೆಯಿಲ್ಲ ಎಂದು ಬರವಣಿಗೆಯೇ ಕೊಡಲಿಗೆ ನೆವವಾಗುವ ಅಪಾಯವೂ ಉಂಟು. ಆದರೂ ಬರೆಯದೆ ಇರುವ ಅಪಾಯ ಅದಕ್ಕಿಂತ ದೊಡ್ಡದೆಂದು ನಾವು ಅನುಭವದಿಂದ ಹೇಳಬಲ್ಲೆವು.

ಒಡೆಯನಾದವನಿಗೆ ಕಾನೂನು ಮರವನ್ನು ಕೊಡುತ್ತದೆ. ಕಾನೂನಿನ ಕಾಗದದಲ್ಲಿ ಹಾಲಿನವನೂ ಪೋಸ್ಟ್‌ಮನ್ನನೂ ಖಾಲಾರೂ ಬರುವುದಿಲ್ಲ. ಅವರು ಬರುವುದು ತಂದೆಯವರ ವಹಿಯಂಥ ಪುಸ್ತಕದಲ್ಲಿ. ನೆಟ್ಟವನು ಹಣ್ಣು ತಿನ್ನುವುದಿಲ್ಲ, ತಿಂದವನು ನೆಟ್ಟಿರುವುದಿಲ್ಲ. ಹಣ್ಣಿನ ಮರದ ನಿಯಮವೇ ಹೀಗೆ. ಆದ್ದರಿಂದ ಅದು ಒಬ್ಬನ ಸ್ವತ್ತಾಗಿ ಎಂದೂ ಪೂರ್ತಿ ಇರುವುದಿಲ್ಲ. ಈ ಮಾತನ್ನು ಒಡೆಯನಿಗೆ ನೆನಪಿಸುವುದೇ ದಾಖಲೆಯ ಮೊದಲ ಕೆಲಸ.

ನಮ್ಮ ಸಂಘದ ಸದಸ್ಯರಲ್ಲಿ ಒಂದು ವಿನಂತಿ. ಕಾಚಿಗುಡ, ಬರ್ಕತ್‌ಪುರ, ನಲ್ಲಕುಂಟದ ಕಡೆ ಹಳೆಯ ಮನೆಗಳಿನ್ನೂ ಕೆಲವಿವೆ. ಅಲ್ಲೊಂದು ಪೇರಲ, ಇಲ್ಲೊಂದು ನೇರಳೆ, ಯಾರದೋ ಹಿತ್ತಿಲಿನಲ್ಲಿ ಹೆಸರಿಲ್ಲದ ಮಾವು ಇರಬಹುದು. ಊರಿನಲ್ಲಿ ಬಿಟ್ಟುಬಂದ ಹೊಲದ ಬದುವಿನಲ್ಲಿಯೂ ಇರಬಹುದು. ಒಂದು ನೂರು ಪುಟದ ನೋಟ್‌ಬುಕ್ ಸಾಕು. ಮರ ಎಲ್ಲಿದೆ, ಎದೆಮಟ್ಟದಲ್ಲಿ ಅದರ ಸುತ್ತಳತೆ ಎಷ್ಟು, ಗೊರಟೆಯದೋ ಕಸಿಯದೋ, ಯಾವ ತಿಂಗಳು ಹೂವು, ಯಾವ ತಿಂಗಳು ಹಣ್ಣು, ಮನೆಯಲ್ಲಿ ಅದನ್ನು ಏನೆಂದು ಕರೆಯುತ್ತಾರೆ, ರುಚಿ ಹೇಗೆ, ಯಾರು ನೆಟ್ಟರು ಎಂಬುದನ್ನು ಬರೆಯಿರಿ. ಜೊತೆಗೊಂದು ಫೋಟೋ ಅಂಟಿಸಿರಿ. ಮುಖ್ಯವಾಗಿ, ಹಣ್ಣು ಯಾರ ಯಾರ ಮನೆಗೆ ಹೋಗುತ್ತದೆ ಎಂಬುದನ್ನು ಬರೆಯಿರಿ. ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಅವರಿಗೆ ಗೊತ್ತಿರುವುದು ನಮಗೆ ಗೊತ್ತಿರುವುದಿಲ್ಲ. ಮರ ತೆಗೆಯುವ ಮಾತು ಎದ್ದರೆ ಆ ಪುಟವನ್ನು ಮೊದಲು ಓದಿ, ಅದರಲ್ಲಿರುವ ಹೆಸರಿನವರನ್ನು ಒಂದು ಮಾತು ಕೇಳಿ, ಮಳೆಗಾಲದವರೆಗಾದರೂ ತಡೆಯಿರಿ.

ತಂದೆಯವರು ಮೂವತ್ತೈದು ವರ್ಷ ಬರೆದರೂ ಹಣ್ಣಿನ ಹೆಸರನ್ನು ಎಲ್ಲಿಯೂ ಬರೆದಿಲ್ಲ. ಬಹುಶಃ ಹೆಸರೇ ಇರಲಿಲ್ಲ. ಕಳೆದ ಬೇಸಗೆಯಲ್ಲಿ ಮಾನ್ವಿಯಿಂದ ಬುಟ್ಟಿ ಬಂದಾಗ ಅಕ್ಕ ಫೋನಿನಲ್ಲಿ, “ಇದಕ್ಕ ಏನಂತ ಹೆಸರಿಡೋಣು?” ಎಂದು ಕೇಳಿದಳು. ನಾವು ತಡಮಾಡದೆ, ಖಾಲಾ ಮಾವು ಎಂದೆವು. ಅಕ್ಕ ಮಗನ ಕೈಯಲ್ಲಿ ಒಂದು ತಗಡಿನ ಮೇಲೆ ಆ ಹೆಸರು ಬರೆಸಿ ಮರಕ್ಕೆ ಕಟ್ಟಿಸಿದ್ದಾಳೆ. ಬುಟ್ಟಿಯಿಂದ ಹನ್ನೆರಡು ಹಣ್ಣು ಎಣಿಸಿ ತೆಗೆದು ಖಾಲಾರ ಮೊಮ್ಮಗನ ಮನೆಗೆ ನಾವೇ ಕೊಟ್ಟು ಬಂದೆವು.